ಕೊಂಡ ಪುಸ್ತಕದ ಕೀಲಿ ಯಾರ ಕೈಯಲ್ಲಿ?

ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ಹಳೆಯ ತಾಡೋಲೆ ಕಟ್ಟುಗಳಿವೆ. ಓಲೆಗರಿಯನ್ನು ಹುಳ ತಿನ್ನುತ್ತದೆ, ಅಂಚು ಮುರಿಯುತ್ತದೆ. ಆದರೂ ವಚನಗಳು ನಮ್ಮ ತನಕ ಬಂದದ್ದು, ಒಂದು ಪ್ರತಿ ಜೀರ್ಣವಾಗುವ ಮೊದಲೇ ಇನ್ನೊಬ್ಬರು ಕೂತು ನಕಲು ಮಾಡಿಕೊಂಡಿದ್ದರಿಂದ. ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಕಟ್ಟುಗಳನ್ನು ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಹೊರತಂದರು. 'ನಿಮ್ಮ ಪರವಾನಗಿ ಮುಗಿದಿದೆ' ಎಂದು ಯಾವ ಗರಿಯೂ ಅವರಿಗೆ ಹೇಳಲಿಲ್ಲ.

ಇಂದಿನ ಇ-ಪುಸ್ತಕ ಹಾಗೆ ಹೇಳಬಲ್ಲದು. 'ಖರೀದಿಸಿ' ಎಂಬ ಗುಂಡಿ ಒತ್ತಿ ಹಣ ಕಟ್ಟಿದವರಿಗೆ ಅನೇಕ ಸಲ ಸಿಗುವುದು ಡಿಆರ್‌ಎಂ ಎಂಬ ಬೀಗ ಜಡಿದ ಕಡತ. ಅದರ ಕೀಲಿ ಮಾರಿದವರ ಬಳಿಯೇ ಉಳಿಯುತ್ತದೆ. ಅವರ ಆ್ಯಪ್, ಅವರಲ್ಲಿನ ಖಾತೆ ಇಲ್ಲದೆ ಪುಸ್ತಕ ತೆರೆಯದು. ಓದಿ ಮುಗಿಸಿ ಗೆಳೆಯನಿಗೆ ಕೊಡುವಂತಿಲ್ಲ, ಊರ ಗ್ರಂಥಾಲಯಕ್ಕೆ ದಾನ ಮಾಡುವಂತಿಲ್ಲ. 2009ರಲ್ಲಿ ಹಕ್ಕುಸ್ವಾಮ್ಯದ ತಕರಾರು ಬಂತೆಂದು ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳಿಂದ ಆರ್ವೆಲ್‌ನ '1984' ಕಾದಂಬರಿಯನ್ನು ಅಳಿಸಿಹಾಕಿತು. (ಅಳಿಸಲು ಬೇರೆ ಪುಸ್ತಕ ಸಿಗಲಿಲ್ಲವೇ!) 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿ ಮುಚ್ಚಿದಾಗ ಓದುಗರಿಗೆ ಹಣ ಮರಳಿತು, ಪುಸ್ತಕ ಹೋಯಿತು.

ನಾನೂ ಕಥೆ ಬರೆಯುವವನು. ಕಳ್ಳಪ್ರತಿಯಿಂದ ಲೇಖಕನ ಹೊಟ್ಟೆಗೆ ಹೊಡೆತ ಬೀಳುತ್ತದೆಂಬ ಮಾತನ್ನು ತಳ್ಳಿಹಾಕಲಾರೆ. ಆದರೆ ಕದಿಯುವವನು ಬೀಗ ಒಡೆದೇ ಒಡೆಯುತ್ತಾನೆ. ಸಿಕ್ಕಿಬೀಳುವವನು ಹಣ ಕೊಟ್ಟ ಓದುಗ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು ಹಕ್ಕು ಉಲ್ಲಂಘಿಸಲೆಂದೇ ಬೀಗ ಮುರಿಯುವವರನ್ನು ಶಿಕ್ಷಿಸುತ್ತದೆ, ಕಾಯ್ದೆ ನಿಷೇಧಿಸದ ಉದ್ದೇಶಗಳಿಗೆ ವಿನಾಯಿತಿಯನ್ನೂ ಕೊಡುತ್ತದೆ. ಕೀಲಿ ಕೊಡಿರೆಂದು ಮಾರಾಟಗಾರನಿಗೆ ಮಾತ್ರ ಹೇಳುವುದಿಲ್ಲ.

ಕನ್ನಡಕ್ಕೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. 2016ರಲ್ಲಿ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ಸೇರಿಸಿಕೊಂಡಾಗ ಕನ್ನಡ ಅವುಗಳಲ್ಲಿರಲಿಲ್ಲ. ನಮ್ಮ ಇ-ಪುಸ್ತಕಗಳು ಸಣ್ಣಪುಟ್ಟ ಆ್ಯಪ್‌ಗಳನ್ನೂ ಆಶ್ರಯಿಸಬೇಕಾಯಿತು. ಅಂಥದ್ದೊಂದು ನಿಂತುಹೋದರೆ ಬೀಗದೊಳಗಿನ ಪುಸ್ತಕದ ಗತಿ ಏನು?

ಬೀಗವಿಲ್ಲದಿದ್ದರೂ ಕಡತದ ಸ್ವರೂಪವೇ ಪುಸ್ತಕವನ್ನು ಬಚ್ಚಿಡುತ್ತದೆ ಎಂಬುದು ನಿಜ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಶ್ರೀಲಿಪಿಗಳಲ್ಲಿ ಬೆರಳಚ್ಚಾದ ಕಥೆಯನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಿಚಡಿ. ಉರ್ದುವಿನ ಇನ್‌ಪೇಜ್ ಕಡತಗಳದೂ ಹೆಚ್ಚುಕಡಿಮೆ ಇದೇ ಪಾಡು. ಆದರೆ ಅವುಗಳಿಗೆ ಬೀಗವಿರಲಿಲ್ಲವಾದ್ದರಿಂದ ಆಸಕ್ತರು ಪರಿವರ್ತಕಗಳನ್ನು ಬರೆದರು, ಅಕ್ಷರಗಳು ಮರಳಿ ಬಂದವು. ನಮ್ಮ ಪ್ರಕಾಶಕರು ಯೂನಿಕೋಡಿನಲ್ಲಿರುವ ಇಪಬ್ ಕಡತವನ್ನು, ಬೇಕಿದ್ದರೆ ಕೊಂಡವರ ಹೆಸರನ್ನು ಮೊದಲ ಪುಟದಲ್ಲಿ ಅಚ್ಚೊತ್ತಿಯೇ, ಬೀಗವಿಲ್ಲದೆ ಮಾರಬಹುದು.