ಮುದ್ರೆ ಯಾರದು, ಕೈ ಯಾರದು?

ಕನ್ನಡದಲ್ಲಿ ‘ಮುದ್ರೆ’ಯಷ್ಟು ದುಡಿಯುವ ಮಾತು ಹೆಚ್ಚಿಲ್ಲ. ಅರಗಿನ ಮೇಲೆ ಒತ್ತುವುದು ಮುದ್ರೆ. ಮಾಧ್ವರು ಕಾಯಿಸಿ ತೋಳಿಗೆ ಹಾಕಿಸಿಕೊಳ್ಳುವುದು ಮುದ್ರೆ. ವಚನದ ಅಂಕಿತವೂ ಮುದ್ರಿಕೆ. ಈ ಪುಟ ಅಚ್ಚಾಗುವುದೂ ಮುದ್ರಣವೇ. ನರ್ತಕಿಯ ಬೆರಳುಗಳನ್ನು ಬಿಟ್ಟರೆ ಉಳಿದುದೆಲ್ಲದರ ಅಡಿಯಲ್ಲಿ ಇರುವ ಭಾವ ಒಂದೇ: ಎದುರಿಗೆ ಇಲ್ಲದವನ ಪರವಾಗಿ ಒಂದು ಗುರುತು ನಿಂತು ಸಾಕ್ಷಿ ನುಡಿಯುತ್ತದೆ. ಆ ಸಾಕ್ಷಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ನಮ್ಮಲ್ಲಿ ಬಹಳ ಚೆನ್ನಾಗಿ ಕೇಳಿದವನು ವಿಶಾಖದತ್ತ.

‘ಮುದ್ರಾರಾಕ್ಷಸ’ವನ್ನು ರಾಜನೀತಿಯ ನಾಟಕವೆಂದು ಹೊಗಳುವುದು ವಾಡಿಕೆ. ಅದು ಒಂದು ಉಂಗುರದ ನಾಟಕವೆಂಬುದನ್ನು ಮರೆಯುತ್ತೇವೆ. ಚಂದನದಾಸನ ಮನೆಯ ಬಾಗಿಲಿಗೆ ಓಡಿಬಂದ ಮಗುವನ್ನು ಒಳಕ್ಕೆಳೆಯುವ ಗಡಿಬಿಡಿಯಲ್ಲಿ ಹೆಂಗಸೊಬ್ಬಳ ಬೆರಳಿನಿಂದ ಗಂಡಸಿನ ಅಳತೆಯ ಉಂಗುರ ಜಾರುತ್ತದೆ. ಅದು ರಾಕ್ಷಸನ ಮುದ್ರೆಯುಂಗುರ. ಚಾಣಕ್ಯನ ಕೈ ಸೇರುತ್ತದೆ. ಮುಂದೆ ಒತ್ತಾದ ಮುದ್ರೆ ಅಸಲಿ. ಕಾಗದದ ಬರಹವೂ ಶಕಟದಾಸನ ಸ್ವಂತ ಕೈಯದು. ಎಲ್ಲಿಯೂ ಖೋಟಾ ಇಲ್ಲ. ಆದರೂ ಕಾಗದ ಶುದ್ಧ ಸುಳ್ಳು! ಮಲಯಕೇತು ಮೋಸಹೋದುದು ಹೆಚ್ಚಲ್ಲ. ಕೊನೆಗೆ ರಾಕ್ಷಸನೇ ತನ್ನ ಮುದ್ರೆಯನ್ನು ಕಂಡು, ಹೆಂಡತಿಮಕ್ಕಳ ಆಸೆಗೆ ಶಕಟದಾಸ ದ್ರೋಹವೆಸಗಿದನೇ ಎಂದು ಪ್ರಾಣಮಿತ್ರನನ್ನು ಶಂಕಿಸುತ್ತಾನೆ. ನಾಟಕದ ಮರ್ಮ ಇಲ್ಲಿದೆ. ಇದೇ ಕಥೆಯನ್ನು 1823ರಲ್ಲಿ ಕನ್ನಡ ಗದ್ಯಕ್ಕೆ ತಂದ ಕೆಂಪುನಾರಾಯಣನು ತನ್ನ ಗ್ರಂಥಕ್ಕೆ ‘ಮುದ್ರಾಮಂಜೂಷ’ವೆಂದು ಹೆಸರಿಟ್ಟನು, ರಾಕ್ಷಸನ ಹೆಸರು ಹೋಯಿತು, ಮುದ್ರೆ ಉಳಿಯಿತು. ಜಾಣ ಓದುಗನ ಆಯ್ಕೆಯಿದು.

ವೈದ್ಯದ ಕಡೆಗೆ ಒಂದು ನೋಟ. ಗ್ರೀಸಿನ ಲೆಮ್ನೋಸ್ ದ್ವೀಪದ ಕೆಮ್ಮಣ್ಣು ವಿಷಹರವೆಂದು ಹೆಸರಾಗಿತ್ತು. ಬಿಲ್ಲೆ ಮಾಡಿ ಮುದ್ರೆ ಒತ್ತಿ ಮಾರುತ್ತಿದ್ದರು. ಅದರಲ್ಲಿ ಆಡಿನ ರಕ್ತ ಬೆರೆಸುತ್ತಾರೆಂದು ಗ್ರಂಥದಲ್ಲಿ ಓದಿದ್ದ ಗ್ಯಾಲೆನ್ 2ನೆಯ ಶತಮಾನದಲ್ಲಿ ಸ್ವತಃ ಅಲ್ಲಿಗೆ ಹೋಗಿ ವಿಚಾರಿಸಿದ, ಕೇಳಿದವರೆಲ್ಲ ನಕ್ಕುಬಿಟ್ಟರಂತೆ. ಮುದ್ರೆಯನ್ನೂ ಗ್ರಂಥವನ್ನೂ ನಂಬಿ ಸುಮ್ಮನಿರದೆ ಹಡಗು ಹತ್ತಿದ್ದು ಆತನ ದೊಡ್ಡತನ. ರೋಮನ್ ಕಣ್ಣುವೈದ್ಯರೂ ಕಲ್ಲಿನ ಅಂಚಿನಲ್ಲಿ ತಿರುವುಮುರುವಾಗಿ ತಮ್ಮ ಹೆಸರು, ಮದ್ದು, ರೋಗಗಳನ್ನು ಕೆತ್ತಿಸಿ ಹಸಿ ಮದ್ದಿನ ಕಡ್ಡಿಗೆ ಒತ್ತುತ್ತಿದ್ದರು. ಅವನ್ನು ನಾವು ಓದಬಲ್ಲೆವು.

ಓದಲಾಗದವು ಸಿಂಧೂ ಕಣಿವೆಯವು. ನಮ್ಮ ಹಳೆಬೀಡಿನ ಶಿಲ್ಪಿಗಳಿಗೆ ಒದಗಿದ ಬಳಪದ ಕಲ್ಲಿನ ಜಾತಿಯನ್ನೇ ಅವರೂ ಕೆತ್ತಿ, ಸುಟ್ಟು ಗಟ್ಟಿಮಾಡಿದರು. ಮೊಹೆಂಜೊದಾರೋವಿನ 420ನೆಯ ಮುದ್ರೆ ಒಂದೂವರೆ ಅಂಗುಲಕ್ಕಿಂತ ಚಿಕ್ಕದು. ಅದರಲ್ಲಿ ಕೊಂಬು ಧರಿಸಿ ಕುಳಿತವನನ್ನು 1931ರ ಗ್ರಂಥದಲ್ಲಿ ಜಾನ್ ಮಾರ್ಷಲ್ ಶಿವನ ಪೂರ್ವರೂಪವೆಂದರು. 1970ರ ದಶಕದಲ್ಲಿ ಡೋರಿಸ್ ಶ್ರೀನಿವಾಸನ್ ಅದನ್ನು ಗಟ್ಟಿಯಾಗಿ ಪ್ರಶ್ನಿಸಿದರೂ ಶಾಲೆಯ ಪುಸ್ತಕಗಳಲ್ಲಿ ಪಶುಪತಿಯ ಪಟ್ಟ ಅಲುಗಿಲ್ಲ. ಮಾರ್ಷಲ್ಲರ ಊಹೆ ತಪ್ಪೆಂದು ನಾನು ಸಾಧಿಸಲಾರೆ. ಆದರೆ ಊಹೆಯ ಮೇಲೆ ದೊಡ್ಡ ಹೆಸರಿನ ಮುದ್ರೆ ಬಿದ್ದೊಡನೆ ಅದು ಪ್ರಮಾಣವಾಗಿಬಿಟ್ಟ ರೀತಿ ಮಲಯಕೇತುವಿನ ಡೇರೆಯನ್ನು ನೆನಪಿಗೆ ತರುತ್ತದೆ.

ಮುದ್ರೆಯ ಚಿತ್ರಕ್ಕೆ ಕೊಟ್ಟ ಗಮನವನ್ನು ಅದು ಮಾಡಿದ ಕೆಲಸಕ್ಕೂ ನಮ್ಮ ಲೇಖಕರು ಕೊಟ್ಟಿದ್ದರೆ ಚೆನ್ನಾಗಿತ್ತು. ಲೋಥಲ್ಲಿನ ಉಗ್ರಾಣವೆಂದು ಹೇಳುವ ಕಟ್ಟಡದಲ್ಲಿ ಬೆಂಕಿಗೆ ಬೆಂದು ಉಳಿದ ಮಣ್ಣಿನ ಒತ್ತುಗಳು ಸಿಕ್ಕಿವೆ. ಮುಂಬದಿಯಲ್ಲಿ ನಾವು ಓದಲಾರದ ಅಕ್ಷರ. ತಿರುವಿ ನೋಡಿದರೆ, ಮೂಟೆಯ ಬಟ್ಟೆಯ ನೇಯ್ಗೆ, ಚಾಪೆಯ ಹೆಣಿಗೆ, ಬಿಗಿದ ಹುರಿಯ ಗಂಟು.