ತಿರುಗಾಟದ ಯಜಮಾನರು: ಎರಡು ವಿಜ್ಞಾನಕಲ್ಪನಾ ಚಿತ್ರಗಳ ಖಳಪಾತ್ರಗಳು

ಜಾನ್ ಕೋನಿ ನಿರ್ದೇಶನದ ‘ಸ್ಪೇಸ್ ಈಸ್ ದ ಪ್ಲೇಸ್’ (1974) ಚಿತ್ರದ ಖಳನಿಗೆ ಹೆಸರಿಲ್ಲ, ಹುದ್ದೆ ಮಾತ್ರ ಇದೆ. ಅವನು ‘ಓವರ್‌ಸಿಯರ್’. ಕನ್ನಡದಲ್ಲಿ ಈ ಪದ ಬಹುಕಾಲದಿಂದ ಬಳಕೆಯಲ್ಲಿದೆ; ಆದರೆ ಅದನ್ನು ಕೇಳಿದೊಡನೆ ನೆನಪಾಗುವುದು ಟೇಪು ಹಿಡಿದು ರಸ್ತೆ ಅಳೆಯುವ ಲೋಕೋಪಯೋಗಿ ಇಲಾಖೆಯ ನೌಕರ. ಅಮೆರಿಕದ ದಕ್ಷಿಣ ರಾಜ್ಯಗಳ ಸ್ಮೃತಿಯಲ್ಲಿ ಅದೇ ಪದ ಹತ್ತಿಯ ಹೊಲದಲ್ಲಿ ಗುಲಾಮರ ಬೆನ್ನ ಹಿಂದೆ ಚಾವಟಿ ಹಿಡಿದು ನಿಂತವನನ್ನು ಕಣ್ಣ ಮುಂದೆ ತರುತ್ತದೆ. ‘ಮೇಲ್ವಿಚಾರಕ’ ಎಂಬ ಅನುವಾದ ಈ ಎರಡೂ ಚಿತ್ರಗಳನ್ನು ಅಳಿಸಿಹಾಕುತ್ತದೆ. ವಯನಾಡು, ನೀಲಗಿರಿಗಳ ಕಾಫಿ-ಚಹಾ ತೋಟಗಳನ್ನು ಬಲ್ಲ ಕನ್ನಡಿಗರಿಗೆ ಹೊಳೆಯಬಹುದಾದ ಪದ ‘ಮೇಸ್ತ್ರಿ’. ಮೇಸ್ತ್ರಿ ಹೊರಗಿನವನಲ್ಲ; ಕೂಲಿಗಳ ನಡುವಿನಿಂದಲೇ ಬಂದವನು, ತನ್ನವರಿಗೇ ಮುಂಗಡ ಕೊಟ್ಟು ತೋಟಕ್ಕೆ ಕರೆತಂದವನು, ಮುಂಗಡದ ಲೆಕ್ಕದಲ್ಲಿ ಅವರನ್ನು ಕಟ್ಟಿಹಾಕಿದವನು. ಚಿತ್ರದ ಓವರ್‌ಸಿಯರ್ ಕೂಡ ಕರಿಯನೇ. ಬಿಳಿ ಸೂಟು ತೊಟ್ಟು ಮರುಭೂಮಿಯ ನಡುವೆ ಮೇಜು ಹಾಕಿಕೊಂಡು ಇಸ್ಪೀಟಿನಲ್ಲಿ ತನ್ನದೇ ಜನಾಂಗದ ಭವಿಷ್ಯವನ್ನು ಪಣಕ್ಕಿಡುವ ಈ ಮನುಷ್ಯನನ್ನು ಮೇಸ್ತ್ರಿ ಎಂದು ಕರೆದರೆ, ಆ ಅನುವಾದವೇ ಒಂದು ಓದಾಗುತ್ತದೆ.

ಈ ಓದು ಬೇಕಾಗಿರುವುದಕ್ಕೆ ಕಾರಣವಿದೆ. 1990ರ ದಶಕದಲ್ಲಿ ಮಾರ್ಕ್ ಡೆರಿ ‘ಆಫ್ರೋಫ್ಯೂಚರಿಸಂ’ ಎಂಬ ಹೆಸರನ್ನು ಚಲಾವಣೆಗೆ ತಂದ ಮೇಲೆ ಈ ಚಿತ್ರ ವಿಶ್ವವಿದ್ಯಾಲಯಗಳ ಪಠ್ಯವಾಗಿದೆ. ಅಲ್ಲಿ ಓವರ್‌ಸಿಯರ್ ಸಾಮಾನ್ಯವಾಗಿ ರೂಪಕವಾಗಿ ಬರುತ್ತಾನೆ: ಬಂಡವಾಳಶಾಹಿಯ ರೂಪಕ, ಒಳಗಿನ ದ್ರೋಹದ ರೂಪಕ. ತಪ್ಪೇನಲ್ಲ. ಆದರೆ ಈ ಚಿತ್ರದ ಕೇಂದ್ರದಲ್ಲಿರುವುದು ಊರೂರು ಅಲೆದು ಹೊಟ್ಟೆ ಹೊರೆಯುತ್ತಿದ್ದ ಒಂದು ವಾದ್ಯವೃಂದ ಎಂಬ ಸರಳ ಸಂಗತಿ ರೂಪಕಗಳ ಭರಾಟೆಯಲ್ಲಿ ಹಿಂದೆ ಸರಿಯುತ್ತದೆ. ಅಂಥ ವೃಂದ ದಾರಿಯಲ್ಲಿ ಎದುರಾಗುವ ಮನುಷ್ಯರನ್ನೇ, ಅಂದರೆ ಕ್ಲಬ್ಬಿನ ಮಾಲೀಕ, ಪ್ರಚಾರದ ದಲ್ಲಾಳಿ, ರೇಡಿಯೊದವನು ಮೊದಲಾದವರನ್ನೇ, ಕಲೆಹಾಕಿ ಈ ಖಳನನ್ನು ಕಡೆಯಲಾಗಿದೆ.

ಸನ್ ರಾ 1914ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದಾಗ ಅವನ ಹೆಸರು ಹರ್ಮನ್ ಪೂಲ್ ಬ್ಲೌಂಟ್. ತಾನು ಶನಿಗ್ರಹದವನೆಂದು ಅವನು ಮುಂದೆ ಹೇಳಿಕೊಂಡದ್ದು ಎಲ್ಲರಿಗೂ ತಿಳಿದ ಕಥೆ. ಅವನ ‘ಆರ್ಕೆಸ್ಟ್ರಾ’ ಷಿಕಾಗೋದಲ್ಲಿ ರೂಪುಗೊಂಡು, 1961ರಲ್ಲಿ ನ್ಯೂಯಾರ್ಕಿಗೂ 1968ರಲ್ಲಿ ಫಿಲಡೆಲ್ಫಿಯಾದ ಜರ್ಮನ್‌ಟೌನಿಗೂ ಬಿಡಾರ ಬದಲಿಸಿತು. ಮಾರ್ಟನ್ ಸ್ಟ್ರೀಟಿನ ಆ ಮನೆ ಸ್ಯಾಕ್ಸೊಫೋನ್ ವಾದಕ ಮಾರ್ಷಲ್ ಆಲೆನ್‌ನ ತಂದೆಯದು. ವಾದಕರು ಅಲ್ಲಿಯೇ ಒಟ್ಟಿಗೆ ಉಂಡು, ಮಲಗಿ, ಹಗಲು-ರಾತ್ರಿ ಅಭ್ಯಾಸ ಮಾಡುತ್ತಿದ್ದರು. ಯುರೋಪಿನ ಮೊದಲ ಪ್ರವಾಸ 1970ರಲ್ಲಿ, ಈಜಿಪ್ಟಿನ ಮೊದಲ ಭೇಟಿ 1971ರ ಡಿಸೆಂಬರಿನಲ್ಲಿ. ತಮ್ಮದೇ ‘ಸ್ಯಾಟರ್ನ್’ ಸಂಸ್ಥೆಯ ಧ್ವನಿಮುದ್ರಿಕೆಗಳಿಗೆ ಕೈಯಿಂದಲೇ ಬಣ್ಣ ಬಳಿದ ಹೊದಿಕೆ ಹಾಕಿ ಕಛೇರಿಯ ಜಾಗದಲ್ಲೇ ಮಾರುತ್ತಿದ್ದರು. ಇಂದು ಸಂಗ್ರಾಹಕರು ದುಬಾರಿ ಬೆಲೆಗೆ ಕೊಳ್ಳುವ ಆ ಹೊದಿಕೆಗಳು ಅಂದು ದಾರಿಯ ಖರ್ಚಿಗೆ ನೆರವಾಗುತ್ತಿದ್ದವು. ಚಿತ್ರೀಕರಣ ನಡೆದದ್ದು 1972ರಲ್ಲಿ, ಮುಖ್ಯವಾಗಿ ಓಕ್‌ಲ್ಯಾಂಡ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಪರಿಸರದಲ್ಲಿ. ಅದಕ್ಕೆ ಹಿಂದಿನ ವರ್ಷ ಸನ್ ರಾ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ.

ಚಿತ್ರದ ಆರಂಭದಲ್ಲೇ ಬರುವ ಕ್ಲಬ್ಬಿನ ದೃಶ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸ್ಥಳ ಷಿಕಾಗೋ, ವರ್ಷ 1943. ‘ಸನ್ನಿ ರೇ’ ಎಂಬ ಹೆಸರಿನಲ್ಲಿ ಸನ್ ರಾ ಬೆತ್ತಲೆ ಕುಣಿತದ ಹಿಮ್ಮೇಳಕ್ಕೆ ಪಿಯಾನೊ ನುಡಿಸುತ್ತಿದ್ದಾನೆ. ಓವರ್‌ಸಿಯರ್ ಗಿರಾಕಿಯ ಠೀವಿಯಲ್ಲಿ ಬಂದು, ಈ ವಾದನ ತನಗೆ ಹಿಡಿಸಲಿಲ್ಲವೆಂದು ದರ್ಪ ತೋರುತ್ತಾನೆ. ಪಿಯಾನೊ ಉತ್ತರ ಕೊಡುತ್ತದೆ: ಗಾಜು ಒಡೆಯುತ್ತದೆ, ಹೊಗೆ ಏಳುತ್ತದೆ, ಜನ ದಿಕ್ಕಾಪಾಲಾಗಿ ಓಡುತ್ತಾರೆ. ಜೀವನಚರಿತ್ರೆಯ ಲೆಕ್ಕಕ್ಕೆ ಈ ಇಸವಿ ಹೊಂದುವುದಿಲ್ಲ. 1943ರ ಆರಂಭದಲ್ಲಿ ಅವನು ಯುದ್ಧದಲ್ಲಿ ಭಾಗವಹಿಸಲು ನಿರಾಕರಿಸಿದ ಕಾರಣಕ್ಕೆ ಪೆನ್ಸಿಲ್ವೇನಿಯಾದ ಶಿಬಿರವೊಂದರಲ್ಲಿದ್ದ. ಷಿಕಾಗೋಗೆ ಬಂದದ್ದು 1946ರಲ್ಲಿ. ಆದರೆ ಕ್ಲಬ್ಬು ಕಟ್ಟುಕಥೆಯಲ್ಲ. 1940ರ ದಶಕದ ಕೊನೆಗೆ ಷಿಕಾಗೋದ ಹೊರವಲಯದ ಕ್ಯಾಲುಮೆಟ್ ಸಿಟಿಯ ಇಂಥ ಕ್ಲಬ್ಬುಗಳಲ್ಲಿ ಅವನು ನುಡಿಸಿದ್ದ. ಕುಣಿಯುವವರು ಬಿಳಿಯ ಹೆಂಗಸರು, ನುಡಿಸುವವರು ಕರಿಯ ಗಂಡಸರು; ಕಣ್ಣು ಅತ್ತ ಹಾಯದಿರಲೆಂದು ನಡುವೆ ಪರದೆ ಇಳಿಬಿಡಲಾಗುತ್ತಿತ್ತು. ಚಿತ್ರದಲ್ಲಿ ಆ ಪರದೆ ಇಲ್ಲ. ಅದರ ಜಾಗದಲ್ಲಿ ಓವರ್‌ಸಿಯರ್ ಇದ್ದಾನೆ.

ಮುಂದಿನ ಕಥೆಯಲ್ಲಿ ಅವನ ಅಸ್ತ್ರಗಳನ್ನು ಗಮನಿಸಬೇಕು. ಲೇಸರ್ ಬಂದೂಕಿಲ್ಲ, ಸೈನ್ಯವಿಲ್ಲ. ಸನ್ ರಾ ಸಂಗೀತದ ಬಲದಿಂದ ಚಲಿಸುವ ನೌಕೆಯಲ್ಲಿ ಓಕ್‌ಲ್ಯಾಂಡಿಗೆ ಇಳಿದು, ಕರಿಯರನ್ನು ಬೇರೊಂದು ಗ್ರಹಕ್ಕೆ ಕರೆದೊಯ್ಯಲು ‘ಬಾಹ್ಯಾಕಾಶ ಉದ್ಯೋಗ ಕಚೇರಿ’ ತೆರೆದಾಗ, ಓವರ್‌ಸಿಯರನ ಕೈಯಾಳು ಜಿಮ್ಮಿ ಫೇ ಅವನಿಗೆ ರೇಡಿಯೊ ಸಂದರ್ಶನ, ಧ್ವನಿಮುದ್ರಿಕೆ, ಕಛೇರಿ ಎಲ್ಲವನ್ನೂ ಏರ್ಪಡಿಸಿಕೊಡುತ್ತಾನೆ. ಖಳನು ನಾಯಕನ ದಾರಿಗೆ ಅಡ್ಡ ನಿಲ್ಲುವುದಿಲ್ಲ; ದಾರಿಯನ್ನೇ ಹಾಸಿಕೊಡುತ್ತಾನೆ. ಜನರಿಗೆ ಸಂದೇಶ ಮುಟ್ಟಬೇಕಾದರೆ ಅವನ ಏರ್ಪಾಟಿನ ಮೂಲಕವೇ ಮುಟ್ಟಬೇಕು. ಇದು ಮೇಸ್ತ್ರಿಯ ಮುಂಗಡದ ತರ್ಕ. ವೈಜ್ಞಾನಿಕ ಕಥನಗಳ ಖಳರಲ್ಲಿ ಇಷ್ಟು ವ್ಯಾವಹಾರಿಕನಾದವನು ಅಪರೂಪ. ಇದಕ್ಕೆ ಹೋಲಿಸಿದರೆ ನಾಸಾದ ಬಿಳಿಯ ವಿಜ್ಞಾನಿಗಳು, ಅಂದರೆ ಸನ್ ರಾನನ್ನು ಅಪಹರಿಸಿ ಕಿವಿಗೆ ಹೆಡ್‌ಫೋನ್ ತೊಡಿಸಿ ದಕ್ಷಿಣದವರ ‘ಡಿಕ್ಸಿ’ ಗೀತೆಯನ್ನು ಕೇಳಿಸಿ ಹಿಂಸಿಸುವವರು, ಪ್ರಹಸನದ ಪಾತ್ರಗಳಾಗಿಯೇ ಉಳಿಯುತ್ತಾರೆ. ನಗು ಬರುತ್ತದೆ, ಭಯವಾಗುವುದಿಲ್ಲ.

ಚಿತ್ರದ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಓವರ್‌ಸಿಯರನ ಸುತ್ತಲಿನ ಹೆಂಗಸರು ವಸ್ತುಗಳಂತೆ ಬಂದುಹೋಗುತ್ತಾರೆ. ವೇಶ್ಯಾಗೃಹದ ದೃಶ್ಯದ ಹಿಂಸೆ ಅಸಹ್ಯ ಹುಟ್ಟಿಸುತ್ತದೆ. ಸನ್ ರಾ ಸ್ವತಃ ಇಂಥ ಭಾಗಗಳನ್ನು ಕತ್ತರಿಸಬೇಕೆಂದು ಪಟ್ಟು ಹಿಡಿದ. ಹೀಗಾಗಿ ಸುಮಾರು 82 ನಿಮಿಷಗಳ ಚಿತ್ರ ಬಹುಕಾಲ ಸುಮಾರು 64 ನಿಮಿಷಗಳ ವಿಡಿಯೊ ಆವೃತ್ತಿಯಾಗಿ ಓಡಾಡಿತು. ಪೂರ್ಣ ಪಾಠ ಡಿವಿಡಿಯಲ್ಲಿ ಮರಳಿದ್ದು ಈ ಶತಮಾನದಲ್ಲಿ. ಯಾವ ಪಾಠವನ್ನು ತರಗತಿಗೆ ಒಯ್ಯಬೇಕು? ಶಿಷ್ಟತೆಯ ದೃಷ್ಟಿಯಿಂದ ಚಿಕ್ಕದು ಮೇಲು. ಆದರೆ ಕತ್ತರಿಗೆ ಸಿಕ್ಕದ್ದು ಬಹುಮಟ್ಟಿಗೆ ಖಳನ ಲೋಕ: ಅವನ ಕಾರು, ಕೋಣೆ, ರಾತ್ರಿಯ ವ್ಯಾಪಾರ. ಅಲೆಮಾರಿ ವಾದಕರು ಅನ್ನ ಸಂಪಾದಿಸಿದ ಲೋಕವೂ ಅದೇ. ಅದನ್ನು ತೆಗೆದ ಮೇಲೆ ಓವರ್‌ಸಿಯರ್ ನಿಜಕ್ಕೂ ಬರಿಯ ರೂಪಕವಾಗುತ್ತಾನೆ, ಮತ್ತು ವಿಮರ್ಶೆಯು ಅವನನ್ನು ಹಾಗೆಯೇ ಓದಿತು. ಪೂರ್ಣ ಪಾಠವನ್ನು, ಅದರ ಕೊಳೆಯ ಸಮೇತ, ಚರ್ಚೆಗೆ ತರುವುದೇ ಪ್ರಾಮಾಣಿಕ.

ಇನ್ನೂ ಇರುಸುಮುರುಸಿನ ಪ್ರಶ್ನೆಯೊಂದಿದೆ. ಮಾರ್ಟನ್ ಸ್ಟ್ರೀಟಿನ ಮನೆಯಲ್ಲಿ ಯಜಮಾನ ಯಾರು? ಮದ್ಯ, ಮಾದಕ ವಸ್ತುಗಳಿಗೆ ನಿಷೇಧ, ಹೊತ್ತುಗೊತ್ತಿಲ್ಲದ ಅಭ್ಯಾಸ, ಸಂಪಾದನೆ ಅತ್ಯಲ್ಪ. ಟೆನರ್ ಸ್ಯಾಕ್ಸೊಫೋನಿನ ಜಾನ್ ಗಿಲ್ಮೋರ್ 1950ರ ದಶಕದಲ್ಲಿ ಸೇರಿದವನು ಸುಮಾರು ನಾಲ್ಕು ದಶಕ ಅಲ್ಲಿಯೇ ಸವೆದ. ಬೇರೆಡೆ ಹೋಗಿದ್ದರೆ ಅವನಿಗೆ ದೊಡ್ಡ ಹೆಸರು ಸಿಗುತ್ತಿತ್ತೆಂದು ಜಾಜ್ ಬಲ್ಲವರು ಇಂದಿಗೂ ಮರುಗುತ್ತಾರೆ. ಗಿಲ್ಮೋರ್ ಮರುಗಿದಂತೆ ಕಾಣುವುದಿಲ್ಲ. ಶಿಸ್ತಿಗೆ ಒಪ್ಪಿಕೊಂಡವನನ್ನು ಬಂಧಿತನೆನ್ನುವುದು ಸರಿಯೆ? ಚಿತ್ರ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಎತ್ತಿದ್ದರೆ ಇಸ್ಪೀಟಿನ ಮೇಜಿನ ಎರಡೂ ಬದಿಗಳಲ್ಲಿ ಕುಳಿತವರು ಒಂದೇ ವೃತ್ತಿಯವರೆಂಬ ಅನುಮಾನ ಪ್ರೇಕ್ಷಕನಿಗೆ ಬರುತ್ತಿತ್ತು. ಇಬ್ಬರೂ ಜನರನ್ನು ಕೂಡಿಸಿ ಊರುಬಿಟ್ಟು ಕರೆದೊಯ್ಯುವವರು.

ಕಾಸರಗೋಡಿನ ಓದುಗರಿಗೆ ಈ ಅನುಮಾನ ಹೊಸದಲ್ಲ. ಯಕ್ಷಗಾನ ಮೇಳಗಳ ಸಂಚಾರಕ್ಕೆ ‘ತಿರುಗಾಟ’ ಎಂಬ ಪದವಿದೆ. ಪತ್ತನಾಜೆಯವರೆಗೆ ಕಲಾವಿದನು ಮೇಳಕ್ಕೆ ಸೇರಿದವನು, ಮುಂಗಡ ಕೊಟ್ಟ ಯಜಮಾನನ ಋಣದವನು. ತೆಂಕುತಿಟ್ಟಿನ ಬಣ್ಣದ ವೇಷ ನಡುರಾತ್ರಿ ದೊಂದಿಯ ಬೆಳಕಿನಲ್ಲಿ ಅಬ್ಬರಿಸಿ ಬರುವಾಗ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ರಾಕ್ಷಸನು ರಂಗದ ಮೇಲೆ ಯಾರಿಗೂ ತಲೆಬಾಗುವುದಿಲ್ಲ. ಆ ಮುಖವರ್ಣಿಕೆಯ ಹಿಂದಿನ ಮನುಷ್ಯ ಮಾತ್ರ ಬೆಳಗಾದ ಮೇಲೆ ಮುಂದಿನ ಊರಿನ ವಾಹನ ಹತ್ತಬೇಕು.

ಗಾಯಕರು ತಾವೇ ಖಳರಾಗಿ ನಟಿಸಿದ ಚಿತ್ರಗಳು ಹಲವಿವೆ. ‘ಡ್ಯೂನ್’ (1984) ಚಿತ್ರದ ಸ್ಟಿಂಗ್‌ನಂಥವರಿಂದ ಚಿತ್ರಕ್ಕೆ ದಕ್ಕಿದ್ದು ಪ್ರಸಿದ್ಧ ಮುಖ, ಹೆಚ್ಚೇನಲ್ಲ. ಜಾರ್ಜ್ ಮಿಲ್ಲರ್ ಮತ್ತು ಜಾರ್ಜ್ ಓಗಿಲ್ವಿ ನಿರ್ದೇಶಿಸಿದ ‘ಮ್ಯಾಡ್ ಮ್ಯಾಕ್ಸ್ ಬಿಯಾಂಡ್ ಥಂಡರ್‌ಡೋಮ್’ (1985) ಚಿತ್ರದ ಆಂಟಿ ಎಂಟಿಟಿಯ ಮಾತು ಬೇರೆ. ಆ ಪಾತ್ರ ವಹಿಸಿದ ಟೀನಾ ಟರ್ನರ್ ಹದಿನಾರು ವರ್ಷ ಗಂಡನ ತಂಡದೊಂದಿಗೆ ಅಲೆದವಳು. ಆನಾ ಮೇ ಬುಲಕ್‌ಗೆ ‘ಟೀನಾ ಟರ್ನರ್’ ಎಂಬ ಹೆಸರಿಟ್ಟು ಅದನ್ನು ತನ್ನ ಸೊತ್ತಾಗಿ ನೋಂದಾಯಿಸಿಕೊಂಡವನು ಐಕ್ ಟರ್ನರ್. ಇವಳು ಬಿಟ್ಟುಹೋದರೆ ಇನ್ನೊಬ್ಬಳನ್ನು ಅದೇ ಹೆಸರಿನಲ್ಲಿ ನಿಲ್ಲಿಸಬಹುದೆಂಬುದು ಲೆಕ್ಕಾಚಾರ. 1976ರ ಜುಲೈಯಲ್ಲಿ, ಪ್ರವಾಸದ ನಡುವೆ, ಡಲ್ಲಾಸಿನ ಹೋಟೆಲಿನಿಂದ ಅವಳು ಹೊಡೆತ ತಿಂದ ಮುಖದಲ್ಲಿ ತಪ್ಪಿಸಿಕೊಂಡು ಹೆದ್ದಾರಿ ದಾಟಿದಳು. ಕೈಯಲ್ಲಿದ್ದದ್ದು 36 ಸೆಂಟು ಮತ್ತು ಪೆಟ್ರೋಲಿನ ಒಂದು ಕಾರ್ಡು. 1978ರ ವಿಚ್ಛೇದನದಲ್ಲಿ ಅವಳು ಮುಖ್ಯವಾಗಿ ಬಯಸಿ ಉಳಿಸಿಕೊಂಡದ್ದು ಆ ಹೆಸರನ್ನು. ನಡೆಯದೆ ಹೋದ ಕಾರ್ಯಕ್ರಮಗಳ ಸಾಲ ಅವಳ ತಲೆಗೆ ಬಂತು.

ಆಂಟಿ ಎಂಟಿಟಿ ಆಳುವ ಬಾರ್ಟರ್‌ಟೌನ್ ವಿನಿಮಯದ ಊರು. ಅಲ್ಲಿ ಕರಾರು ಮುರಿಯುವುದಕ್ಕಿಂತ ದೊಡ್ಡ ಅಪರಾಧವಿಲ್ಲ. ಮುರಿದವನ ಶಿಕ್ಷೆಯನ್ನು ತಿರುಗುವ ಚಕ್ರ ನಿರ್ಧರಿಸುತ್ತದೆ. ಆದರೆ ಊರಿನ ದೀಪ ಉರಿಯುವುದು ನೆಲದಡಿಯಲ್ಲಿ ಹಂದಿಯ ಸಗಣಿಯಿಂದ ತೆಗೆದ ಮೀಥೇನಿನಿಂದ, ಮತ್ತು ಅದರ ಕೀಲಿ ಇರುವುದು ‘ಮಾಸ್ಟರ್’ ಎಂಬವನ ಕೈಯಲ್ಲಿ. ಅವನು ಬೇಕೆಂದಾಗ ವಿದ್ಯುತ್ತು ನಿಲ್ಲಿಸಿ, ಈ ಊರನ್ನು ನಡೆಸುವವರು ಯಾರೆಂದು ಧ್ವನಿವರ್ಧಕದಲ್ಲಿ ಎಲ್ಲರೆದುರು ಅವಳ ಬಾಯಿಂದಲೇ ಹೇಳಿಸುತ್ತಾನೆ. ಚಿತ್ರದ ಅತ್ಯಂತ ಸೂಕ್ಷ್ಮವಾದ ಕ್ಷಣ ಇದು. ಮೇಲೆ ನಿಂತು ಕಾಣಿಸಿಕೊಳ್ಳುವವಳು ಒಬ್ಬಳು, ಕೆಳಗೆ ಕುಳಿತು ಗುಂಡಿ ಒತ್ತುವವನು ಇನ್ನೊಬ್ಬ. ಟೆರ್ರಿ ಹೇಯ್ಸ್ ಮತ್ತು ಮಿಲ್ಲರ್ ಬರೆದ ಈ ಸನ್ನಿವೇಶವನ್ನು ಟರ್ನರ್‌ಳ ಆತ್ಮಕಥೆಯೆಂದು ಓದುವುದು ಅವಸರವಾದೀತು. ಆದರೂ ಅವಮಾನವನ್ನು ನುಂಗಿ ಸ್ವರ ಏರಿಸದೆ ಆ ಮಾತು ಹೇಳುವ ರೀತಿಯನ್ನು ನಟನಾ ಶಾಲೆಯೊಂದು ಕಲಿಸಲಾರದು. ಮಹಾನಾಶಕ್ಕೆ ಮೊದಲು ತಾನು ಯಾರೂ ಆಗಿರಲಿಲ್ಲ, ನಂತರ ಬದುಕುಳಿದದ್ದೇ ತನಗೆ ಅವಕಾಶವಾಯಿತು ಎಂದು ಅವಳು ಮ್ಯಾಕ್ಸ್‌ಗೆ ವಿವರಿಸುವಾಗ ಖಳಪಾತ್ರದ ವಾದ ಪ್ರೇಕ್ಷಕನಿಗೆ ಸರಿಯೆನಿಸಿಬಿಡುತ್ತದೆ. ಅವಳ ಸಭೆಯಲ್ಲಿ ಸ್ಯಾಕ್ಸೊಫೋನ್ ನುಡಿಸುವವನೊಬ್ಬನಿದ್ದಾನೆ. ಈ ಬಾರಿ ವಾದಕ ಅವಳ ಸಂಬಳದಲ್ಲಿ.

ಮುಕ್ತಾಯಗಳಲ್ಲಿ ಎರಡು ಚಿತ್ರಗಳೂ ದೂರ ಸರಿಯುತ್ತವೆ. ಸನ್ ರಾ ತನ್ನವರನ್ನು ನೌಕೆಗೆ ಹತ್ತಿಸಿಕೊಂಡು ಹೊರಟ ಮೇಲೆ ಭೂಮಿಯೇ ಸಿಡಿಯುತ್ತದೆ. ಜಿಮ್ಮಿ ಫೇಯ ಕರಿಯ ಅಂಶ ನೌಕೆಯಲ್ಲಿ, ಬಿಳಿಯ ಅಂಶ ಕೆಳಗೆ. ತೀರ್ಪು ಖಚಿತ, ಬಹುಶಃ ಅತಿ ಖಚಿತ. ಆಂಟಿ ಎಂಟಿಟಿಯಾದರೋ ಕೈಗೆ ಸಿಕ್ಕ ಮ್ಯಾಕ್ಸ್‌ನನ್ನು ಕೊಲ್ಲದೆ, ಒಂದು ನಗು ನಕ್ಕು, ತನ್ನ ಗಾಡಿಗಳೊಂದಿಗೆ ಮರಳಿನಲ್ಲಿ ಹೊರಟುಹೋಗುತ್ತಾಳೆ. ಅದು ಸೋತವಳ ನಡೆಯಂತಿಲ್ಲ. ಈ ಊರಿನ ಕಾರ್ಯಕ್ರಮ ಮುಗಿಯಿತು, ಮುಂದಿನ ಊರಿದೆ ಎಂಬಂತಿದೆ. 1985ರ ಜುಲೈಯಲ್ಲಿ ಈ ಚಿತ್ರ ಅಮೆರಿಕದಲ್ಲಿ ತೆರೆಕಂಡಾಗ ಟರ್ನರ್ ತನ್ನದೇ ಹೆಸರಿನ ಜಗತ್ ಪ್ರವಾಸದ ನಡುವೆ ಇದ್ದಳು. ಅದೇ ತಿಂಗಳ 13ರಂದು ಅವಳು ಲೈವ್ ಏಡ್ ಕಾರ್ಯಕ್ರಮಕ್ಕಾಗಿ ವೇದಿಕೆ ಏರಿದ್ದು ಫಿಲಡೆಲ್ಫಿಯಾದಲ್ಲಿ, ಆರ್ಕೆಸ್ಟ್ರಾದವರು ಇನ್ನೂ ಬಿಡಾರ ಹೂಡಿದ್ದ ನಗರದಲ್ಲಿ.