ದುಡಿದವಳ ಕೊರಳಿನ ಶಿಲುಬೆ

ಫ್ರಾನ್ಸಿನ ಹಳ್ಳಿಗಾಡಿನ ಹಳೆಯ ಶಿಲುಬೆ ಪದಕಗಳ ವಿಷಯ ಬಂದರೆ ಬರೆಯುವವರೆಲ್ಲ ಒಂದೇ ರಾಗ ಎಳೆಯುತ್ತಾರೆ: ಇವು ಮುಗ್ಧ ರೈತ ಹೆಂಗಸರ ಭಕ್ತಿಯ ಗುರುತು, ಆಯಾ ಸೀಮೆಯ ಅಕ್ಕಸಾಲಿಗರು ತಲೆತಲಾಂತರದಿಂದ ಬದಲಿಸದೆ ಕಾಪಾಡಿಕೊಂಡು ಬಂದ ಕಸುಬು. ಎರಡೂ ಅರ್ಧಸತ್ಯ. ಒಡವೆಯನ್ನೇ ಕೈಗೆತ್ತಿಕೊಂಡು ನೋಡಿದರೆ ಭಕ್ತಿಯ ಜೊತೆಜೊತೆಗೇ ಕೂಲಿಯ ಲೆಕ್ಕವೂ ಪೇಟೆಯ ಫ್ಯಾಷನ್ನೂ ಕಾಣುತ್ತವೆ.

‘ಜಾನೆಟ್’ ಶಿಲುಬೆಯನ್ನೇ ನೋಡಿ. ಮನೆಗೆಲಸದ, ಹೊಲಗೆಲಸದ ಹುಡುಗಿಯರು ಜೂನ್ 24ರ ಸಂತ ಯೋಹಾನನ ಹಬ್ಬದ ಹೊತ್ತಿಗೆ ಕೈಸೇರಿದ ಸಂಬಳದಲ್ಲಿ ಕೊಳ್ಳುತ್ತಿದ್ದ ಒಡವೆ ಇದು. ಕಣ್ಣಿಗೆ ದಪ್ಪ ಬಂಗಾರ, ಕೈಗೆ ಹಗುರ. ಬಹಳಷ್ಟು ಜಾನೆಟ್‌ಗಳು ತೆಳು ತಗಡನ್ನು ಬಾಗಿಸಿ, ಒಳಗೆ ಪೊಳ್ಳು ಬಿಟ್ಟು ಬೆಸೆದಂಥವು. ಅದನ್ನು ಕಪ್ಪು ಮಖಮಲ್ಲಿನ ಪಟ್ಟಿಗೆ ಪೋಣಿಸಿ, ಮೇಲೊಂದು ಪುಟ್ಟ ಚಿನ್ನದ ಹೃದಯ ಇಟ್ಟರೆ ಸರಪಳಿಯ ಖರ್ಚೂ ಉಳಿಯಿತು. ದೇವರ ಕಣ್ಣಿಗೆ ಹೀಗೆ ಗಾತ್ರ ತೋರಿಸಬೇಕಾಗಿಲ್ಲ. ಊರವರ ಕಣ್ಣಿಗೆ ತೋರಿಸಬೇಕು.

ನಾರ್ಮಂಡಿಯ ಸಾಂ-ಲೋ ಶಿಲುಬೆಯಲ್ಲಿ ತೋರಿಸಿಕೊಳ್ಳುವ ಈ ಆಸೆ ಇನ್ನೂ ಢಾಳಾಗಿದೆ. ಹೂಬಳ್ಳಿಯ ಜಾಲರಿ, ನಡುವೆ ದುಂಡು ಕಟ್ಟಿನ ಹರಳುಗಳು, ಕೆಳಗೆ ಅಲುಗಾಡುವ ತೂಗುತುಣುಕು. ಹರಳು ಎಷ್ಟೋ ಸಲ ವಜ್ರವಲ್ಲ, ಗಾಜು. ಅಂಥ ಗಾಜಿನ ಹರಳಿಗೆ 18ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ತಂದುಕೊಟ್ಟವನು ಆಭರಣಕಾರ ಸ್ಟ್ರಾಸ್. ರಾಜಧಾನಿಯ ಶ್ರೀಮಂತರ ಥಳುಕು ಹೀಗೆ ಹಳ್ಳಿಯ ಶಿಲುಬೆಗೆ ಇಳಿಯಿತು. ಇದನ್ನು ಹೊರಗಿನ ಗಾಳಿ ಸೋಕದ ಜಾನಪದ ಎನ್ನುವುದು ಹೇಗೆ?

ಫ್ರೆಂಚ್ ಪ್ರಾಟೆಸ್ಟಂಟರಾದ ಹುಗೆನಾಟರ ಶಿಲುಬೆಯ ಕತೆಯೂ ಅಷ್ಟು ಸರಳವಲ್ಲ. ಪ್ರಾಟೆಸ್ಟಂಟರಿಗೆ ರಕ್ಷಣೆ ಕೊಟ್ಟಿದ್ದ ನಾಂಟ್ ಶಾಸನ 1685ರಲ್ಲಿ ರದ್ದಾಗಿ ಅವರ ಬೇಟೆ ಜೋರಾದ ಮೇಲೆ, 1688ರ ಸುಮಾರಿಗೆ ನೀಮ್ ಪಟ್ಟಣದ ಅಕ್ಕಸಾಲಿಗನೊಬ್ಬ ಇದನ್ನು ರೂಪಿಸಿದನೆಂಬ ಪ್ರತೀತಿ ಇದೆ. ಆದರೆ ಕೆಳಗೆ ಪಾರಿವಾಳವಿರುವ ಆ ಪದಕ ಹೋಲುವುದು, ರಾಜ ಮೂರನೇ ಹೆನ್ರಿ 1578ರಲ್ಲಿ ಕ್ಯಾಥೊಲಿಕ್ ಶ್ರೀಮಂತರಿಗಾಗಿ ಸ್ಥಾಪಿಸಿದ ಪವಿತ್ರಾತ್ಮ ಪದವಿಯ ಲಾಂಛನವನ್ನು. ಪ್ರತಿರೋಧದ ಗುರುತೆನಿಸಿಕೊಂಡ ಒಡವೆಗೂ ಆಕಾರ ಸಿಕ್ಕಿದ್ದು ಅರಮನೆಯ ಬಿರುದಿನಿಂದ.

ಹಾಗಾದರೆ ‘ಬದಲಾಗದ ಸಂಪ್ರದಾಯ’ ಬಂದದ್ದೆಲ್ಲಿಂದ? ಬಹುಪಾಲು 19ನೇ ಶತಮಾನದ ಕೊನೆಯ ಸಂಗ್ರಾಹಕರಿಂದ. ಕವಿ ಫ್ರೆಡರಿಕ್ ಮಿಸ್ತ್ರಾಲ್ ಆರ್ಲ್ ನಗರದಲ್ಲಿ ಮ್ಯೂಸಿಯಾನ್ ಆರ್ಲಾಟೆನ್ ಎಂಬ ಸಂಗ್ರಹಾಲಯ ಕಟ್ಟಲು ಹೊರಟದ್ದು 1896ರಲ್ಲಿ. 1904ರ ನೊಬೆಲ್ ಹಣವನ್ನೂ ಅದಕ್ಕೇ ಸುರಿದ. ಆ ಶ್ರಮದಿಂದ ಎಷ್ಟೋ ಉಡುಪು, ಒಡವೆ ಉಳಿದವು, ನಿಜ. ಆದರೆ ದಶಕ ದಶಕಕ್ಕೂ ಬದಲಾಗುತ್ತಿದ್ದ ಶೃಂಗಾರ ಗಾಜಿನ ಪೆಟ್ಟಿಗೆಯೊಳಗೆ ಸೇರಿ ಒಂದು ಸೀಮೆಯ ಶಾಶ್ವತ ಮುಖವಾಗಿಬಿಟ್ಟಿತು.

ಭಕ್ತಿ ಇಲ್ಲದಿದ್ದರೆ ಶಿಲುಬೆಯೇ ಏಕೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಂಬಿಕೆ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಭಾನುವಾರದ ಪೂಜೆಗೆ ಇಡೀ ಊರು ಸೇರುತ್ತಿತ್ತು. ಅಲ್ಲಿ ಬಡ ಹುಡುಗಿಯೊಬ್ಬಳು ಯಾರ ಬಾಯಿಗೂ ಬೀಳದೆ ಚಿನ್ನ ತೊಟ್ಟು ನಿಲ್ಲಬೇಕಾದರೆ ಶಿಲುಬೆಗಿಂತ ಮರ್ಯಾದೆಯ ಆಕಾರ ಇನ್ನಾವುದಿತ್ತು? ನಂಬಿಕೆ ಅವಳ ಆಸೆಗೆ ಅಪ್ಪಣೆ ಕೊಟ್ಟಿತು.

ಇದನ್ನೆಲ್ಲ ಭಕ್ತಿಯ ಖಾತೆಗೆ ಜಮಾ ಮಾಡಿದರೆ ಅಳಿಸಿಹೋಗುವುದು ದುಡಿದು ಕೊಂಡವಳ ಹೆಸರು. ಫ್ರಾನ್ಸಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಸಂಬಳವನ್ನು ತಾನೇ ಖರ್ಚು ಮಾಡುವ ಹಕ್ಕನ್ನು ಕಾನೂನು ಕೊಟ್ಟದ್ದು 1907ರಲ್ಲಿ. ಅದಕ್ಕೂ ಮುಂಚೆ, ಮದುವೆಗೆ ಮೊದಲು ಕೆಲಸದ ಹುಡುಗಿ ತನ್ನ ದುಡ್ಡಿನಲ್ಲಿ ಕೊಂಡ ಆ ಪೊಳ್ಳು ಶಿಲುಬೆ, ಅವಳು ಸ್ವಂತದ್ದೆಂದು ಹೇಳಿಕೊಳ್ಳಬಹುದಾಗಿದ್ದ ಕೆಲವೇ ವಸ್ತುಗಳಲ್ಲಿ ಒಂದು. ಸಂಗ್ರಹಾಲಯದ ಫಲಕದಲ್ಲಿ ‘ಜನಪದ ಭಕ್ತಿ’ ಎಂದು ಬರೆಯುವವರು, ಅದನ್ನು ಯಾರು, ಯಾವ ದುಡ್ಡಿನಲ್ಲಿ ಕೊಂಡರೆಂಬುದನ್ನೂ ಅದರ ಪಕ್ಕದಲ್ಲೇ ಬರೆಯಲಿ.